ಅಟ್ಟದ ಲಾಗರಿದಮ್

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಸಾಮಾನ್ಯವಾಗಿ ಜನಕ್ಕೆ ಸಿಟ್ಟು ಬರುವ ಜಾಗಗಳಲ್ಲಿ ನನಗೆ ಬರುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಸಾರಿಗೆ ಉಪ್ಪು ಹೆಚ್ಚಾದರೆ, ಕರೆಂಟು ಹೋದರೆ ನಾನು ಸಾಧುವಿನಂತೆ ಇರುತ್ತೇನೆ. ಅದೇ ಯಾರಾದರೂ ನನ್ನೆದುರು ನಿಂತು, "ಅವ್ನು ಮದ್ವೆ ಆದ್ಮೇಲೆ ಮುನ್ನೂರ ಅರವತ್ತು ಡಿಗ್ರಿ ಬದಲಾಗ್ಬುಟ್ಟ ಕಣ್ರೀ" ಎಂದರೆ ಸಾಕು, ಕಿವಿ ಬಿಸಿಯಾಗುತ್ತದೆ. ಮುನ್ನೂರ ಅರವತ್ತು ಡಿಗ್ರಿ ತಿರುಗಿದವನು ಮೊದಲು ಯಾವ ಕಡೆಗೆ ಮುಖ ಮಾಡಿದ್ದನೋ ಅದೇ ಕಡೆಗೆ ಮುಖ ಮಾಡಿ ನಿಂತಿರುತ್ತಾನೆ ಸ್ವಾಮಿ. ಅವನು ಬದಲಾಗಿಲ್ಲ. ಗಾಣದ ಎತ್ತು ದಿನವಿಡೀ ಮುನ್ನೂರ ಅರವತ್ತು ಡಿಗ್ರಿ ತಿರುಗುತ್ತಲೇ ಇರುತ್ತದೆ, ಅದರ ನಡತೆ ಸುಧಾರಿಸಿತು ಎಂದು ಯಾರಾದರೂ ಹೇಳಿದ್ದುಂಟೇ?

ಹಾಗಂತ ನಾನೇನು ಗಣಿತದಲ್ಲಿ ಪದವಿ ಪಡೆದವಳಲ್ಲ. ತುರುವೇಕೆರೆಯಲ್ಲಿ ಪಿಯುಸಿ ಆರ್ಟ್ಸ್, ತಿಪಟೂರಿನಲ್ಲಿ ಬಿಎ. ಗಣಿತ ನನಗೆ ಅಂಟಿಕೊಂಡಿದ್ದು ಬಸ್ಸಿನಲ್ಲಿ. ದಿನಾ ಕಾಲೇಜಿಗೆ ಹೋಗಿಬರುವಾಗ ಹೊತ್ತು ಕಳೆಯಲು ಹಳೇ ಪುಸ್ತಕದಂಗಡಿಯಿಂದ ಒಂದು ಗಣಿತದ ಪುಸ್ತಕ ಕೊಂಡುಕೊಂಡೆ. ಕಾದಂಬರಿಗಳು ಅದಕ್ಕಿಂತ ದುಬಾರಿಯಾಗಿದ್ದವು ಎಂಬುದೊಂದೇ ಕಾರಣ. ಅದರಲ್ಲಿ ಅರ್ಥವಾಗದ್ದನ್ನು ಮೊಬೈಲಿನಲ್ಲಿ ಯಾರ‍್ಯಾರೋ ಹೇಳಿಕೊಡುವ ವಿಡಿಯೋ ನೋಡಿ ಕಲಿತೆ. ಒಂದು ವರ್ಗಸಮೀಕರಣ ಬಿಡಿಸುವ ಭರದಲ್ಲಿ ನಾನಿಳಿಯಬೇಕಾದ ನಮ್ಮೂರ ಗೇಟು ದಾಟಿ ಎಷ್ಟೋ ದೂರ ಹೋಗಿಬಿಟ್ಟಿದ್ದೂ ಉಂಟು. ಹೀಗೆ ತಾನೇ ಕಲಿತವರ ಪಾಡು ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಪಾಡಿನಂತೆಯೇ. ಹುಟ್ಟಿನಿಂದ ಮಠದಲ್ಲಿರುವವರು ಆರಾಮಾಗಿ ಆಕಳಿಸುತ್ತ ಕೂತಿರುತ್ತಾರೆ, ನಿನ್ನೆ ಬಂದವನು ಮಾತ್ರ ಎಲ್ಲರ ಹಣೆಯ ವಿಭೂತಿ ಸರಿಯಿದೆಯೇ ಎಂದು ನೋಡುತ್ತ ಓಡಾಡುತ್ತಾನೆ. ನಾನು ಆ ನಿನ್ನೆ ಬಂದವಳು.

ಮತ್ತೆ ನೋಡಲು ಎಷ್ಟೊಂದಿದೆ ಅಂತೀರಿ! ಟೀವಿ ಹಾಕಿದರೆ "ತಾಲ್ಲೂಕಿನಲ್ಲಿ ಹೊಸ ಸಮೀಕರಣ" ಎಂದು ಕಿರುಚುತ್ತಾರೆ. ಸಮೀಕರಣ ಎಂದಮೇಲೆ ಎಡಕ್ಕೊಂದು ಬಲಕ್ಕೊಂದು ಇದ್ದು ನಡುವೆ ಸಮ ಎನ್ನುವ ಚಿಹ್ನೆ ಇರಬೇಕು. ಇವರ ಸಮೀಕರಣದಲ್ಲಿ ಇಬ್ಬರು ಮುಖಂಡರು ಒಂದೇ ಕಾರಿನಿಂದ ಇಳಿಯುತ್ತಾರೆ, ಅಷ್ಟೇ. ಸೆಮಿಸ್ಟರ್ ಪರೀಕ್ಷೆ ಹೇಗಾಯಿತೇ ಎಂದು ಗೆಳತಿಯನ್ನು ಕೇಳಿದರೆ "ಫಿಫ್ಟಿ ಫಿಫ್ಟಿ ಕಣೇ, ಪಾಸಾದ್ರೆ ಆದೆ, ಇಲ್ಲಾಂದ್ರೆ ಇಲ್ಲ" ಎಂದಳು. ಇಂಥ ಲೆಕ್ಕದಲ್ಲಿ ನಾಳೆ ಬೆಳಿಗ್ಗೆ ಸೂರ್ಯ ಹುಟ್ಟುವುದೂ ಫಿಫ್ಟಿ ಫಿಫ್ಟಿಯೇ, ಹುಟ್ಟಿದರೆ ಹುಟ್ಟಿದ, ಇಲ್ಲಾಂದ್ರೆ ಇಲ್ಲ. ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ ಈ ಸೀಮೆಯಲ್ಲಿ ಗಣಿತದ ಮಾತನ್ನು ಮರ್ಯಾದೆಯಿಂದ ಬಳಸುವವರು ಇಬ್ಬರೇ. ಒಬ್ಬರು ಹೋಟೆಲಿನ ಮಾಣಿ. ಬೈಟು ಕಾಫಿ ಎಂದರೆ ಎರಡು ಲೋಟದಲ್ಲೂ ಗೆರೆ ಎಳೆದ ಹಾಗೆ ಒಂದೇ ಮಟ್ಟಕ್ಕೆ ತಂದಿಡುತ್ತಾನೆ. ಇನ್ನೊಬ್ಬರು ನಮ್ಮಜ್ಜಿ. ತೋಟದ ಕೆಲಸ ಎಷ್ಟಾಯಿತು ಎಂದು ಕೇಳಿದರೆ "ಮುಕ್ಕಾಲು ಮೂರು ವೀಸ ಆಯ್ತು ಕಣವ್ವ" ಎನ್ನುತ್ತಾಳೆ. ಒಂದು ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು ಎಂದು ಗೊತ್ತಾದ ದಿನ ಬಸ್ಸಿನಲ್ಲೇ ಕೂಡಿಸಿ ನೋಡಿದೆ. ಹದಿನಾರರಲ್ಲಿ ಹದಿನೈದು ಪಾಲು! ಅಜ್ಜಿಯೂ ಅದನ್ನು ಲೆಕ್ಕ ಹಾಕಿ ಹೇಳುವುದಿಲ್ಲ ಎಂಬುದು ಬೇರೆ ಮಾತು. ಅವಳ ಮಟ್ಟಿಗೆ ಅದಕ್ಕೆ "ಇನ್ನೇನು ಮುಗೀತು, ಪೀಡಿಸ್ಬೇಡ" ಎಂಬುದಷ್ಟೇ ಅರ್ಥ. ಆದರೂ ನಾನು ಅಜ್ಜಿಯನ್ನು ಕ್ಷಮಿಸಿದ್ದೇನೆ.

ನಾನು ಕ್ಷಮಿಸಲಾರದವರು ನಮ್ಮ ಮ್ಯಾನೇಜರು. ನಮ್ಮ ಕಡೆ ತೆಂಗು ಬೆಳೆಯುವವರೆಲ್ಲ ಸೇರಿ ಒಂದು ಕಂಪನಿ ಕಟ್ಟಿಕೊಂಡಿದ್ದಾರೆ, ನಾನು ಅದರಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೇನೆ. ಕಂಪನಿ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಗೋಡೌನು, ಒಂದು ತೂಕದ ಯಂತ್ರ, ಮತ್ತು ಎಂಬಿಎ ಮುಗಿಸಿ ಬಂದ ಒಬ್ಬ ಮ್ಯಾನೇಜರು. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಆದರೆ ಬಾಯಿ ತೆಗೆದರೆ ಗಣಿತದ ಕಗ್ಗೊಲೆ. ಸಿಬ್ಬಂದಿ ಸಭೆಯಲ್ಲಿ "ಎಲ್ಲರೂ ನೂರಾ ಹತ್ತು ಪರ್ಸೆಂಟ್ ಎಫರ್ಟ್ ಹಾಕ್ಬೇಕು" ಎನ್ನುತ್ತಾರೆ. ಆ ಮೇಲಿನ ಹತ್ತನ್ನು ಯಾರ ಮನೆಯಿಂದ ಕಡ ತರಬೇಕೋ ಹೇಳುವುದಿಲ್ಲ. ಒಮ್ಮೆ ಪರದೆಯ ಮೇಲೆ ನಾನೇ ಬರೆದುಕೊಟ್ಟ ಗ್ರಾಫ್ ತೋರಿಸಿ, "ನೋಡಿ, ನಮ್ಮದು ಎಕ್ಸ್‌ಪೊನೆನ್ಷಿಯಲ್ ಗ್ರೋತ್" ಎಂದರು. ಗ್ರಾಫ್ ಏರಿಳಿತವಿಲ್ಲದೆ ನಮ್ಮ ಕೆರೆ ಏರಿಯ ಹಾಗೆ ನೆಟ್ಟಗೆ ಮಲಗಿತ್ತು, ಕೊನೆಗೆ ಸ್ವಲ್ಪ ಇಳಿದೂ ಇತ್ತು.

ನನಗೆ ತಡೆಯಲಾಗಲಿಲ್ಲ. "ಸಾರ್, ಎಕ್ಸ್‌ಪೊನೆನ್ಷಿಯಲ್ ಅಂದ್ರೆ ಅದಕ್ಕೊಂದು ಬೇಸ್ ಇರ್ಬೇಕಲ್ಲ. ನಮ್ಮದು ಏನು ಬೇಸು?"

"ನಮ್ಮ ಬೇಸು ನಮ್ಮ ರೈತರು ಕಣಮ್ಮ," ಎಂದರು ಮ್ಯಾನೇಜರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಕೊನೇಲಿ ಇಳಿದಿದೆಯಲ್ಲ ಸಾರ್?"

"ಅದು ನೆಗೆಟಿವ್ ಗ್ರೋತ್. ಅದೂ ಗ್ರೋತೇ."

ಅದಕ್ಕೂ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಮುಂದಿನ ಕುರ್ಚಿಯಲ್ಲಿ ಕೂತಿದ್ದ ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡ ಮೇಲೆ ತನ್ನ ಪಾಲಿನ ತೋಟವನ್ನು ತಾನೇ ನೋಡಿಕೊಂಡು ಬಂದವಳು. ಕಂಪನಿಯಲ್ಲಿ ಹೆಣ್ಣುಮಕ್ಕಳೂ ಡೈರೆಕ್ಟರಾಗಿರಬೇಕು ಎಂಬ ನಿಯಮ ಬಂದಾಗ ಊರವರೆಲ್ಲ ಇವಳ ಹೆಸರು ಹೇಳಿದರು. ಅವತ್ತಿನಿಂದ ಮ್ಯಾನೇಜರು ಇವಳನ್ನು "ಡೈರೆಕ್ಟರ್ ಮೇಡಂ" ಎಂದು ಕರೆಯುತ್ತಾರೆ. ಹುಟ್ಟಿದಾಗಿನಿಂದ ಲೇ, ಇವಳೇ, ಅವಳೇ ಎಂದು ಕರೆಸಿಕೊಂಡ ಜೀವ. ಮೊದಲ ಸಲ ಮೇಡಂ ಎನಿಸಿಕೊಂಡ ದಿನ ಮನೆಗೆ ಬಂದು ಕನ್ನಡಿ ಮುಂದೆ ತುಸು ಹೊತ್ತು ನಿಂತಿದ್ದಳು. ಅವಳಿಗೊಂದೇ ಆಸೆ. ಊರಿನಲ್ಲಿ ಹಿಟ್ಟಿನ ಮಿಲ್ಲಿಲ್ಲ, ಹೆಂಗಸರೆಲ್ಲ ರಾಗಿ ಹೊತ್ತು ಪಕ್ಕದೂರಿಗೆ ಹೋಗಬೇಕು. ತನ್ನ ಮನೆಯ ಮುಂದಿನ ಕೋಣೆಯಲ್ಲಿ ತನ್ನದೇ ಒಂದು ಮಿಲ್ಲು ಹಾಕಬೇಕು, ಅದಕ್ಕೆ ಯಾರ ಮುಂದೆಯೂ ಕೈ ಚಾಚಬಾರದು. ಕೋಣೆ ಖಾಲಿ ಮಾಡಿ, ಸಾರಿಸಿ, ಮಿಲ್ಲು ಕೂರುವ ಜಾಗಕ್ಕೊಂದು ರಂಗೋಲಿಯನ್ನೂ ಬಿಟ್ಟಿದ್ದಳು. ಮಿಲ್ಲಿನ ದುಡ್ಡು ಬರಬೇಕಾಗಿದ್ದು ಅಟ್ಟದ ಮೇಲಿನಿಂದ.

ನಮ್ಮ ಕಡೆಯವರಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ನೋಡಲು ಸುಲಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಉಂಡೆ ಲೊಟಲೊಟ ಎಂದು ಬಡಿದುಕೊಂಡರೆ ಆಯಿತು. ಕುಳುಕುಳು ಎಂದರೆ ಇನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ನೀರಿರುವ ಕಾಯಿಯ ಕರಟ ಒಡೆದರೆ ಮುಗಿಯಿತು. ತಿರುಳು ಕರಟಕ್ಕೆ ಕಚ್ಚಿಕೊಂಡು ಚೂರಾಗುತ್ತದೆ, ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಒಂದು ವರ್ಷ ಕಾದದ್ದು ತಿಪ್ಪೆಗೆ. ಸಾಮಾನ್ಯವಾಗಿ ಒಂದೊಂದು ಕೊಯ್ಲಿನ ಕಾಯನ್ನು ಅಟ್ಟದಲ್ಲಿ ಬೇರೆ ಬೇರೆ ಹಾಕಿರುತ್ತಾರೆ. ಆ ವರ್ಷ ದೊಡ್ಡಮ್ಮನ ಮನೆಯ ಹೆಂಚು ಸೋರಿ, ಮಳೆಯ ನಡುವೆ ಎಲ್ಲವನ್ನೂ ಒಂದೇ ಮೂಲೆಗೆ ತಳ್ಳಿದ್ದರಿಂದ ಹಳೆಯದು ಹೊಸದು ಎಲ್ಲ ಬೆರೆತುಹೋಗಿತ್ತು.

ಅಂಥ ಹೊತ್ತಿನಲ್ಲಿ ಕಂಪನಿಗೊಂದು ದೊಡ್ಡ ಆರ್ಡರು ಬಂತು. ಬೇಗ ಕೊಬ್ಬರಿ ಕಳಿಸಬೇಕು. ಮ್ಯಾನೇಜರು ನನ್ನನ್ನು ಕರೆದು, "ಡೈರೆಕ್ಟರ್ ಮೇಡಂ ಅವರ ಅಟ್ಟದ್ದು ಯಾವ್ಯಾವ ಲಾಟು ಯಾವಾಗ ಏರಿಸಿದ್ದು ಅಂತ ಹಾಕಿ ಆವರೇಜ್ ತೆಗಿ" ಎಂದರು. ಹೇಳಿದ್ದನ್ನು ಮಾಡುವುದು ನನ್ನ ಕೆಲಸ, ತೆಗೆದೆ. ಕೆಲವು ಒಂದೂವರೆ ವರ್ಷದಿಂದ ಬಿದ್ದಿದ್ದವು, ಕೆಲವು ಮೊನ್ನೆ ಮೊನ್ನೆ ಏರಿದ್ದವು. ಸರಾಸರಿ ಹನ್ನೊಂದು ತಿಂಗಳು ಬಂತು.

"ವಂಡರ್‌ಫುಲ್! ಹಾಗಾದ್ರೆ ರೆಡಿ," ಎಂದರು. "ಎಲ್ಲಾ ಇಳಿಸಿ, ಸುಲಿಸಿ, ಒಡೆಸಿಬಿಡೋಣ."

"ಸಾರ್, ಅಲ್ಲಾಡಿಸಿ ನೋಡ್ದೆ?"

"ಒಂದೊಂದು ಕಾಯಿನೂ ಅಲ್ಲಾಡಿಸ್ತಾ ಕೂತ್ರೆ ಪ್ರೊಡಕ್ಟಿವಿಟಿ ಏನಾಗ್ಬೇಕಮ್ಮ? ಡೇಟಾ ಇದೆಯಲ್ಲ. ಆವರೇಜ್ ಬಂದಮೇಲೆ ಅಲ್ಲಾಡಿಸೋದು ಯಾಕೆ?"

ಆ ಕ್ಷಣ ನನ್ನ ತಲೆಯಲ್ಲಿ ಏನೋ ಪಟ್ಟೆಂದಿತು. ಸಭೆಯಲ್ಲಿ ಅವರು ಗಣಿತವನ್ನು ಕೊಂದದ್ದನ್ನು ನೋಡಿದ್ದೆ. ಈಗ ಅದೇ ಹೆಣವನ್ನು ನಮ್ಮ ದೊಡ್ಡಮ್ಮನ ಅಟ್ಟಕ್ಕೆ ಹೊತ್ತುಕೊಂಡು ಹೊರಟಿದ್ದರು. ಸಂಜೆ ಓಡಿಹೋಗಿ ದೊಡ್ಡಮ್ಮನಿಗೆ ಬೇಡವೆನ್ನು ಎಂದೆ. ಅವಳು ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

"ಅವ್ರು ಓದಿರೋರು ಕಣೇ ಚೈತ್ರಿ. ಆವರೇಜು ಬಂದೈತಂತೆ. ಒಳ್ಳೇದೇ ಅಲ್ವಾ ಬಂದಿರೋದು?"

"ದೊಡ್ಡಮ್ಮ, ಆವರೇಜು ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ನೋಡು, ಅಜ್ಜಿ ವಯಸ್ಸು ಎಂಬತ್ತು, ನಮ್ಮಣ್ಣನ ಪಾಪುಗೆ ಎರಡು. ಇಬ್ಬರದೂ ಆವರೇಜು ನಲವತ್ತೊಂದು. ಹಂಗಂತ ಇಬ್ಬರನ್ನೂ ಕಳೆ ಕೀಳಕ್ಕೆ ಕಳಿಸ್ತೀಯಾ?"

ದೊಡ್ಡಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದಳು. ಅರ್ಥವಾಯಿತು ಎಂದುಕೊಂಡೆ.

"ಅಜ್ಜಿಗೆ ಎಂಬತ್ತಾಗಿಲ್ಲ ಬುಡು. ನಿಮ್ಮಪ್ಪ ಹುಟ್ಟಿದಾಗ ಅವ್ಳು ಇನ್ನೂ ಚಿಕ್ಕುಡುಗಿ," ಎಂದಳು.

"ನೀನೇ ಹೇಳು, ಇಷ್ಟು ವರ್ಷ ಒಂದು ಕಾಯಿನಾದ್ರೂ ಅಲ್ಲಾಡಿಸ್ದೆ ಒಡೆದಿದ್ದೀಯಾ?"

ಅವಳ ಕೈ ನಿಂತಿತು. "ಆಗ ನಾನು ಡೈರೆಕ್ಟ್ರಾಗಿದ್ನಾ? ಈಗ ನಾನೇ ಕಾಯಿ ಕಿವೀಗಿಟ್ಕೊಂಡು ಕೂತ್ರೆ, ಈವಮ್ಮಂಗೇನೂ ಗೊತ್ತಿಲ್ಲ ಅಂತ ಅವ್ರು ಅಂದ್ಕೊಳಲ್ವಾ? ಮೇಡಂ ಅಂತಾರೆ ಕಣೇ ನನ್ನ," ಎಂದಳು. ಆಮೇಲೆ ನನ್ನ ಮುಖ ನೋಡಲಿಲ್ಲ.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಒಂದು ಸುಳ್ಳು ಶಬ್ದ ಎಷ್ಟು ದೂರ ಬರುತ್ತದೆ ನೋಡಿ. ಪರದೆಯಿಂದ ಇಳಿದು, ರಸ್ತೆ ದಾಟಿ, ದೊಡ್ಡಮ್ಮನ ಮನೆಯ ಜಗಲಿಗೆ ಬಂದು, ಬದುಕೆಲ್ಲ ಕಾಯಿ ಅಲ್ಲಾಡಿಸಿದ ಹೆಂಗಸಿನ ಕೈ ಹಿಡಿದು ನಿಲ್ಲಿಸುತ್ತದೆ.

ಮಾರನೆಯ ದಿನ ಬೆಳಿಗ್ಗೆ ಮ್ಯಾನೇಜರು ಬಂದರು. ಜೊತೆಗೆ ಕಾಯಿ ಸುಲಿದು ಕೊಬ್ಬರಿ ಬಿಡಿಸುವ ತಂಡ, ಅದರ ಮುಂದಾಳು ನಿಂಗಣ್ಣ. ಏಣಿ ಹಾಕಿ ಕಾಯಿ ಉರುಳಿಸಿದರು. ಸುಲಿಯುವವರು ಸುಲಿದು ರಾಶಿ ಹಾಕಿದರು. ಹೆಂಗಸರು ಕರಟ ಒಡೆಯಲು ಮಚ್ಚು ಹಿಡಿದು ಸಾಲಾಗಿ ಕೂತರು. ದೊಡ್ಡಮ್ಮ ಸಭೆಗೆ ಉಡುವ ಸೀರೆ ಉಟ್ಟು ಕಂಬಕ್ಕೊರಗಿ ನಿಂತಿದ್ದಳು, ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ನಾನು ಮ್ಯಾನೇಜರಿಗೆ ಅಜ್ಜಿ ಮತ್ತು ಪಾಪುವಿನ ಲೆಕ್ಕ ಹೇಳಿದೆ. ನಕ್ಕರು. ಕೆರೆಯ ಸರಾಸರಿ ಆಳ ಮೊಣಕಾಲುದ್ದ ಎಂದು ಕೇಳಿ ನಡೆದುಹೋದವನು ಮುಳುಗಿದ ಕತೆ ಹೇಳಿದೆ. "ಪಾಪ, ಯಾವೂರಿನವನು?" ಎಂದು ಕೇಳಿದರು. ನೆಲದ ಮೇಲೆ ಇದ್ದಿಲಿನಲ್ಲಿ ಗ್ರಾಫ್ ಬರೆದು ತೋರಿಸಿದೆ. "ಚೆನ್ನಾಗಿ ಬಿಡಿಸ್ತೀಯ" ಎಂದರು. ಒಬ್ಬಾಕೆ ಮೊದಲನೆಯ ಕಾಯನ್ನು ಮಡಿಲಿಗೆ ಎಳೆದುಕೊಂಡು ಮಚ್ಚು ಎತ್ತಿದಳು.

ಆಗ ನನ್ನ ಬಾಯಿಂದ ಅದು ಹೊರಟಿತು. ನಾನು ಯೋಚಿಸಿರಲಿಲ್ಲ, ದೇವರಾಣೆ.

"ಸಾರ್! ಈ ಅಟ್ಟದ ಲಾಗರಿದಮ್ಮು ನೆಗೆಟಿವ್ ಇದೆ ಸಾರ್!"

ಮಚ್ಚು ಅಲ್ಲೇ ನಿಂತಿತು. ಮ್ಯಾನೇಜರ ನಗುವೂ ನಿಂತಿತು. "ಏನಂದೆ?"

"ಲಾಗರಿದಮ್. ನೆಗೆಟಿವ್ ಬರ್ತಿದೆ. ನಾನು ಚೆಕ್ ಮಾಡ್ದೆ."

"ಎಷ್ಟು ನೆಗೆಟಿವ್ವು?" ಎಂದು ದನಿ ತಗ್ಗಿಸಿ ಕೇಳಿದರು, ಡಾಕ್ಟರನ್ನು ಕೇಳುವ ಹಾಗೆ.

"ಮೈನಸ್ ಪಾಯಿಂಟ್ ತ್ರೀ."

"ಅಯ್ಯೋ, ಪಾಯಿಂಟ್ ತ್ರೀ!" ಎಂದು ಹಣೆ ಒರೆಸಿಕೊಂಡರು. ಅರ್ಧದ ಲಾಗರಿದಮ್ ಮೈನಸ್ ಪಾಯಿಂಟ್ ಮೂರು ಆಗುತ್ತದೆ, ಅರ್ಧಕ್ಕರ್ಧ ಕಾಯಿ ಹಸಿ ಇರಬಹುದು ಎಂದು ನನ್ನ ಮನಸ್ಸಿನಲ್ಲಿತ್ತು. ಸುಳ್ಳು ಹೇಳುವಾಗಲೂ ಅಂಕಿಯನ್ನು ಸರಿಯಾದ ಕೋಷ್ಟಕದಿಂದ ಎತ್ತಿಕೊಂಡಿದ್ದೆ ಎಂಬುದೊಂದೇ ನನ್ನ ಪಾಲಿನ ಸಮಾಧಾನ. ಅಟ್ಟಕ್ಕೆ ಲಾಗರಿದಮ್ ಇರುವುದಿಲ್ಲ. ಬಾಗಿಲಿಗೆ ಜ್ವರ ಬರುವುದಿಲ್ಲ, ಹಾಗೆ.

"ಮೊದಲೇ ಹೇಳ್ಬಾರ್ದಾ? ಸೈಂಟಿಫಿಕ್ಕಾಗಿ ಹೇಳ್ದೆ ಅಜ್ಜಿ, ಪಾಪು ಅಂತ ಟೈಮ್ ವೇಸ್ಟ್ ಮಾಡ್ದೆ. ಈಗ ಯಾವ ಕಾಯಿದು ನೆಗೆಟಿವ್ವು, ಯಾವುದು ಪಾಸಿಟಿವ್ವು ಅಂತ ಪತ್ತೆ ಮಾಡೋದು ಹೇಗೆ?"

"ಒಂದೊಂದನ್ನೂ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸ್ಬೇಕು ಸಾರ್."

"ಅದಕ್ಕೆ ಮಿಷನ್ ಬೇಡ್ವಾ?"

"ಮ್ಯಾನ್ಯುಯಲ್ ಮೆಥಡ್ಡೂ ಇದೆ ಸಾರ್. ಲೊಟಲೊಟ ಅಂದ್ರೆ ಪಾಸಿಟಿವ್. ಕುಳುಕುಳು ಅಂದ್ರೆ ನೆಗೆಟಿವ್."

ನಿಂಗಣ್ಣ ರಾಶಿಯಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿ ನನ್ನ ಮುಖವನ್ನೇ ನೋಡಿದ. "ಇದು ನೆಗೆಟಿವ್ವು ಕಣ್ರಪ್ಪ," ಎಂದು ಪಕ್ಕಕ್ಕಿಟ್ಟ. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಸ್ವಾಮಿ, ಇಷ್ಟು ದಿನ ನಾವು ಮಾಡ್ತಿದ್ದುದ್ದು ಲಾಗರಿದಮ್ಮಾ? ನಾವು ಬರೀ ಅಲ್ಲಾಡ್ಸೋದು ಅಂದ್ಕೊಂಡಿದ್ವಿ. ಹಂಗಾದ್ರೆ ಕೂಲಿ ಬ್ಯಾರೆ ಆಯ್ತದೆ," ಎಂದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ದೊಡ್ಡಮ್ಮ ಕಂಬ ಬಿಟ್ಟು ಬಂದು, ಸೀರೆ ಎತ್ತಿ ಸಿಕ್ಕಿಸಿ ರಾಶಿಯ ಮುಂದೆ ಕೂತೇಬಿಟ್ಟಳು. "ಆಚೆ ಸರೀರಿ. ನಾನು ಡೈರೆಕ್ಟ್ರು, ಲಾಗರಿದಮ್ಮು ನಾನು ನೋಡ್ತೀನಿ," ಎಂದು ಕಾಯಿ ಕಿವಿಗಿಟ್ಟುಕೊಂಡಳು. ಅಂಗಳದಲ್ಲೆಲ್ಲ ಪಾಸಿಟಿವ್ವು, ನೆಗೆಟಿವ್ವು, ನೆಗೆಟಿವ್ವು, ಪಾಸಿಟಿವ್ವು ಎಂದು ಶುರುವಾಯಿತು. ಅರ್ಧದಷ್ಟು ಕಾಯಿ ವಾಪಸು ಅಟ್ಟ ಸೇರಿತು. ಅವು ಒಣಗಿ ಇಳಿದ ಮೇಲೆ ಮುಂದಿನ ಕೋಣೆಗೆ ಮಿಲ್ಲೂ ಬಂತು. ದೊಡ್ಡಮ್ಮ ಮೊದಲು ನಮ್ಮ ಮನೆಯ ರಾಗಿಯನ್ನೇ ಬೀಸಿಕೊಟ್ಟಳು.

ಕತೆ ಇಲ್ಲಿಗೆ ನಿಂತಿದ್ದರೆ ನಾನೂ ನೆಮ್ಮದಿಯಾಗಿರುತ್ತಿದ್ದೆ. ಪಕ್ಕದ ಮನೆಯ ಗೌರಕ್ಕ ಬಂದು, "ನಮ್ ಅಟ್ಟದ್ದೂ ಒಸಿ ನೋಡ್ಬಾ ಚೈತ್ರವ್ವ, ಲಾಗರಿದಮ್ಮು ಏನಾದ್ರೂ ಆಗೈತೇನೋ" ಎಂದಳು. ಹುಳಿಯಾರಿನ ಕಡೆಯಿಂದ ಯಾರೋ ಫೋನು ಮಾಡಿ, ಅದು ಒಂದು ಅಟ್ಟದಿಂದ ಇನ್ನೊಂದು ಅಟ್ಟಕ್ಕೆ ಹರಡುತ್ತದೆಯೇ ಎಂದು ವಿಚಾರಿಸಿದರು. ಮ್ಯಾನೇಜರಂತೂ ಆವರೇಜನ್ನು ಪೂರಾ ಕೈಬಿಟ್ಟು, ಲಾಗರಿದಮ್ ನೋಡದೆ ಯಾರೂ ಕರಟ ಒಡೆಯಬಾರದು ಎಂದು ಹುಕುಂ ಮಾಡಿದರು. ಕೊನೆಗೆ ಸುತ್ತಲ ಊರುಗಳ ಸದಸ್ಯರಿಗೆಲ್ಲ ಒಂದು ತರಬೇತಿ ಇಟ್ಟು, ಮುಖ್ಯ ಭಾಷಣಕಾರ್ತಿ ನಾನು ಎಂದು ಸಾರಿದರು.

ಸರಿ, ಇದೇ ಸಮಯ ಎಂದುಕೊಂಡೆ. ಎದ್ದು ನಿಂತು ಸತ್ಯ ಹೇಳಿಬಿಡುವುದು: ಲಾಗರಿದಮ್ ಎಂದರೆ ಇದಲ್ಲ, ನೀವು ಮಾಡುತ್ತಿರುವುದು ನಿಮ್ಮಜ್ಜಿಯರು ಮಾಡುತ್ತಿದ್ದುದು, ಅದಕ್ಕೆ ಇಂಗ್ಲಿಷ್ ಹೆಸರು ಬೇಕಾಗಿಲ್ಲ. ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದೆ. ವೇದಿಕೆ ಹತ್ತಿ ನೋಡಿದರೆ ಸಾಲುಸಾಲಾಗಿ ಜನ. ಒಬ್ಬೊಬ್ಬರ ಹಿಂದೆಯೂ ನನಗೆ ಒಂದೊಂದು ಅಟ್ಟ ಕಾಣಿಸಿತು. ಇದು ಬರೀ ಅಲ್ಲಾಡಿಸುವುದು ಎಂದು ಗೊತ್ತಾದ ಮರುದಿನವೇ ಮ್ಯಾನೇಜರು ಇನ್ನೊಂದು ಆವರೇಜ್ ಹಿಡಿದು ಇವರ ಅಂಗಳಕ್ಕೆ ಬರುತ್ತಾರೆ. ದೊಡ್ಡಮ್ಮ ಮೈಕ್ ಹಿಡಿದು "ಇದನ್ನ ಕಂಡಿಡಿದೋಳು ನಮ್ಮುಡುಗಿಯೇ" ಎಂದು ಪರಿಚಯ ಮಾಡಿಕೊಟ್ಟಳು. ನಾನು ಗಂಟಲು ಸರಿಮಾಡಿಕೊಂಡು, "ಕಾಯನ್ನು ಬಲಗೈಯಲ್ಲಿ ಹಿಡಿದುಕೊಳ್ಳಿ" ಎಂದೆ.

ಹಿಂದಿನ ಸಾಲಿನಲ್ಲಿ ಒಬ್ಬ ಕಾಲೇಜು ಹುಡುಗಿ ಎದ್ದು ನಿಂತಳು. ಅಪ್ಪನ ಬದಲು ಬಂದಿದ್ದಳಂತೆ, ಓದುತ್ತಿರುವುದು ಬಿಎಸ್ಸಿ. ಕಿವಿ ಕೆಂಪಾಗಿತ್ತು. "ಮೇಡಂ, ಲಾಗರಿದಮ್ ಅಂದ್ರೆ ಇದಲ್ಲ. ಅದಕ್ಕೂ ಕಾಯಿಗೂ ಸಂಬಂಧಾನೇ ಇಲ್ಲ!"

ಈ ಸೀಮೆಯಲ್ಲಿ ನನ್ನ ಥರದವಳು ಇನ್ನೊಬ್ಬಳಿದ್ದಾಳೆ ಎಂದು ಗೊತ್ತಾದ ಕ್ಷಣ ಅದು. ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಸಭೆಯೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು. ಮ್ಯಾನೇಜರು ಪೆನ್ನು ಹಿಡಿದು ಕಾಯುತ್ತಿದ್ದರು.

"ಕೂತ್ಕೋಮ್ಮ," ಎಂದೆ, ಆದಷ್ಟು ಮೃದುವಾಗಿ. "ನೀನು ಹೇಳ್ತಿರೋದು ಪರೀಕ್ಷೆಗೆ ಬರೋ ಲಾಗರಿದಮ್. ಇದು ಕೊಬ್ಬರೀದು."

ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಹುಡುಗಿ ಕೂರಲಿಲ್ಲ. ಬ್ಯಾಗು ಹೆಗಲಿಗೇರಿಸಿಕೊಂಡು, ನನ್ನನ್ನು ಒಮ್ಮೆ ಸುಟ್ಟುಬಿಡುವ ಹಾಗೆ ನೋಡಿ ಹೊರಟುಹೋದಳು. ಈ ಹೊತ್ತಿಗೆ ತಿಪಟೂರಿನ ಬಸ್ಸಿನಲ್ಲೆಲ್ಲೋ ಕೂತು, ಗಣಿತದ ಗಂಧವೇ ಇಲ್ಲದ ಒಬ್ಬ ಬಿಎ ಓದಿದ ಹೆಂಗಸು ಲಾಗರಿದಮ್ಮಿನ ಮಾನ ಕಳೆದ ಬಗ್ಗೆ ಪುಟಗಟ್ಟಲೆ ಬರೆಯುತ್ತಿರಬಹುದು. ಬರೆಯಲಿ. ಅವಳು ಬರೆಯುವುದರಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ.